ನರ್ಸ್ ಕೆಲಸದ ಜೊತೆ ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತ) ಪರೀಕ್ಷೆಗೆ ದಿನಕ್ಕೆ ಎಷ್ಟು ಗಂಟೆ ಓದಬೇಕು? ಟೈಮ್‌ಟೇಬಲ್ ಇದ್ದರೆ ಕೊಡಿ

ನಾನೂ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು ಇದೇ ಟೈಮ್‌ಟೇಬಲ್ ಹುಡುಕುತ್ತಿದ್ದೆ. ಕೊನೆಗೆ ನಾನೇ ಒಂದು ಮಾಡಿಕೊಂಡು, ಚಾಚೂ ತಪ್ಪದೆ ಓದಿದೆ. ಗ್ರಾಮರ್ ಪುಸ್ತಕ ಮುಗಿಯಿತು. ನಾಮಪದದ ಮುಂದೆ ಲಿಂಗಕ್ಕೆ ತಕ್ಕಂತೆ ಬರುವ ಡೇರ್, ಡೀ, ಡಾಸ್ ಬಾಯಿಪಾಠ. ಗಯಟೆ (ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಸಂಸ್ಥೆ, Goethe-Institut) ಪರೀಕ್ಷೆಯಲ್ಲಿ ಓದು, ಬರಹ, ಮಾತು ಪಾಸಾಯಿತು. ಕೇಳುವ ಭಾಗದಲ್ಲಿ ಫೇಲ್.

ನಾನು ಎಲ್ಲವನ್ನೂ ಕಣ್ಣಿನಲ್ಲೇ ಕಲಿತಿದ್ದೆ. ಫೋನಿನಲ್ಲಿ ಪದದ ಕಾರ್ಡ್ ಬರುತ್ತಿತ್ತು, ಅರ್ಥ ನೆನಪಾದರೆ ಮುಂದಿನದು. ರೂಮಿನಲ್ಲಿ ಬೇರೆಯವರು ಮಲಗಿರುತ್ತಾರೆ ಅಂತ ಆಡಿಯೋ ಹಾಕುತ್ತಲೇ ಇರಲಿಲ್ಲ. ಇಪ್ಪತ್ತನಾಲ್ಕನ್ನು ಜರ್ಮನ್ನಿನಲ್ಲಿ ನಾಲ್ಕು ಮೊದಲು, ಇಪ್ಪತ್ತು ಆಮೇಲೆ ಹೇಳುತ್ತಾರೆ: ಫಿಯರ್‌ಉಂಟ್‌ಸ್ವಾನ್ಸಿಗ್. ಪುಸ್ತಕದಲ್ಲಿ ಅದು ಬರೀ 24, ಕಷ್ಟವೇ ಇಲ್ಲ. ಪರೀಕ್ಷೆಯಲ್ಲಿ 24ಓ 42ಓ ಅಂತ ತಿರುಗಿಸಿ ನೋಡುವಷ್ಟರಲ್ಲಿ ಮುಂದಿನ ವಾಕ್ಯ ಹೋಗಿಯೇ ಬಿಟ್ಟಿತು. ಕೇಳುವ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಮಧ್ಯದ ಎರಡನ್ನು ಒಂದು ಸಲ ಮಾತ್ರ ಕೇಳಿಸುತ್ತಾರೆ. ಇನ್ನು ಕೆಲವು ಕ್ರಿಯಾಪದಗಳ ಅರ್ಧ ತುಂಡು ವಾಕ್ಯದ ಕೊನೆಗೆ ಬರುತ್ತದೆ. ಅಲ್ಲಿವರೆಗೆ ಕಾಯುವುದು ನನ್ನ ಕಿವಿಗೆ ಗೊತ್ತೇ ಇರಲಿಲ್ಲ. ಮತ್ತೆ ಬರೆಯಬೇಕಾದದ್ದು ಅದೊಂದೇ ಭಾಗ, ನಿಜ. ಆದರೆ ಆ ಒಂದರಿಂದ ಜರ್ಮನಿಗೆ ಹೊರಡುವುದು ಮುಂದಕ್ಕೆ ಹೋಯಿತು, ಫೀಸೂ ಇನ್ನೊಮ್ಮೆ ಕಟ್ಟಿದೆ.

ಅದಕ್ಕೇ ಹೇಳುತ್ತೇನೆ, ಗಂಟೆ ಲೆಕ್ಕ ಬಿಡಿ. ಶಿಫ್ಟ್ ವಾರವಾರ ಬದಲಾಗುವವರಿಗೆ "ಬೆಳಿಗ್ಗೆ ಆರಕ್ಕೆ ಓದು" ಅನ್ನುವುದು ನಡೆಯಲ್ಲ. ಯಾವ ಶಿಫ್ಟ್ ಇದ್ದರೂ ಡ್ಯೂಟಿಗೆ ಹೋಗಿಬರುವುದು ತಪ್ಪಲ್ಲ, ಅಲ್ವಾ? ಓದನ್ನು ಅದಕ್ಕೆ ಕಟ್ಟಿ. ಜರ್ಮನಿಯ ಸುದ್ದಿ ಸಂಸ್ಥೆ ಡಾಯ್ಚ ವೆಲೆಯವರು (Deutsche Welle) ನಿಧಾನವಾಗಿ ಓದುವ ಸುದ್ದಿ ಉಚಿತವಾಗಿ ಸಿಗುತ್ತದೆ, ಪಠ್ಯವೂ ಇರುತ್ತದೆ. ಬರುವಾಗ ಅದರಲ್ಲಿ ಒಂದೇ ಸುದ್ದಿ ಕೇಳಿ. ಪಠ್ಯ ನೋಡಬೇಡಿ. ಮನೆಗೆ ಬಂದು ಕೇಳಿಸಿದಷ್ಟು ಬರೆಯಿರಿ, ಆಮೇಲೆ ಪಠ್ಯ ತೆಗೆದು ಎಲ್ಲಿ ತಪ್ಪಿತು ನೋಡಿ, ಜೋರಾಗಿ ಓದಿ. ನೈಟ್ ಡ್ಯೂಟಿ ದಿನ ಹೊಸದು ಬೇಡವೇ ಬೇಡ, ನಿನ್ನೆಯದನ್ನೇ ಮತ್ತೆ ಕೇಳಿ.

ಕಾರ್ಡ್ ಬೇಕಿದ್ದರೆ ಆಡಿಯೋ ಇರುವುದನ್ನೇ ಇಟ್ಟುಕೊಳ್ಳಿ. ವಾಕ್ಯದ ಅರ್ಥವನ್ನು ಇಂಗ್ಲಿಷ್ ಮೂಲಕ ಹಿಡಿಯಬೇಡಿ, ಸುಮ್ನೆ ಸುತ್ತು. 'ವೈಲ್' (weil, ಏಕೆಂದರೆ) ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಕನ್ನಡದ ಹಾಗೇ.

ಫೀಸ್ ಕಟ್ಟುವ ಮೊದಲು ಗಯಟೆ ವೆಬ್‌ಸೈಟಿನ ಮಾದರಿ ಪರೀಕ್ಷೆಯ ಆಡಿಯೋ ಎಲ್ಲೂ ನಿಲ್ಲಿಸದೆ ಹಾಕಿ ಬರೆಯಿರಿ. 30 ಪ್ರಶ್ನೆಗೆ 18 ಸರಿಯಾದರೆ ಪಾಸ್. ಮನೆಯಲ್ಲೇ 22 ಬರದಿದ್ದರೆ ಈ ಸಲ ಕಟ್ಟಬೇಡಿ.