ಅಡವಿಟ್ಟ ದ್ವೀಪಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಇರುವ ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಗಳ ಬಗ್ಗೆ ನಾನು ಏನನ್ನೇ ಬರೆದರೂ, ಮರುವಾರ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಅದೇ ಒಂದು ಪ್ರಶ್ನೆಯನ್ನು ಹೊತ್ತು ಬರುತ್ತವೆ. ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಸಿಕ್ಕಷ್ಟು ಸಿಗಲಿ. ವೈಕಿಂಗರು ಯಾರು, ಎಲ್ಲಿಂದ ಬಂದರು ಎಂಬ ಪಾಠವನ್ನು ಇಲ್ಲಿ ಮತ್ತೆ ಮಾಡುವುದಿಲ್ಲ.

ಪ್ರಶ್ನೆ: ಡೆನ್ಮಾರ್ಕಿನ ರಾಜ ಮಗಳ ವರದಕ್ಷಿಣೆಗೆ ಹಣವಿಲ್ಲದೆ ಈ ದ್ವೀಪಗಳನ್ನು ಸ್ಕಾಟ್ಲೆಂಡಿಗೆ ಅಡವಿಟ್ಟನಂತೆ. ಇಂದು ಆ ಹಣ ಕಟ್ಟಿಬಿಟ್ಟರೆ ದ್ವೀಪಗಳು ನಾರ್ವೆಗೆ ಮರಳುತ್ತವೆಯೆ?

ಉತ್ತರ: ಅಡವಿಟ್ಟದ್ದು ನಿಜ. ಹಣ ಎಣಿಸಿ ದ್ವೀಪ ಬಿಡಿಸಿಕೊಳ್ಳಬಹುದು ಎಂಬುದು ಹರಟೆಕಟ್ಟೆಯ ಮಾತು. ಆದರೆ ಈ ಹರಟೆಯ ಹಿಂದಿನ ಪತ್ರ ವ್ಯವಹಾರ ಹರಟೆಗಿಂತ ಎಷ್ಟೋ ಸ್ವಾರಸ್ಯಕರವಾಗಿರುವುದರಿಂದ ಸಾವಧಾನವಾಗಿ ಹೇಳುತ್ತೇನೆ.

ಕಥೆ ಆರಂಭವಾಗುವುದು ಇವೆರಡು ದ್ವೀಪಸಮೂಹಗಳಿಂದಲ್ಲ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಹೆಬ್ರಿಡೀಸ್ ದ್ವೀಪಗಳಿಂದ. ಆಗ ಇವೆಲ್ಲವೂ ನಾರ್ವೆಯ ರಾಜನ ಅಧೀನದಲ್ಲಿದ್ದವು. 1263ರಲ್ಲಿ ನಾರ್ವೆಯ ರಾಜ ನಾಲ್ಕನೆಯ ಹಾಕನ್ ದೊಡ್ಡ ನೌಕಾದಳದೊಂದಿಗೆ ಬಂದು, ಲಾರ್ಗ್ಸ್ ಎಂಬಲ್ಲಿ ಕಾದಾಡಿ, ಏನನ್ನೂ ಗಿಟ್ಟಿಸಿಕೊಳ್ಳದೆ ಹಿಂದಿರುಗುವಾಗ ಆ ಚಳಿಗಾಲದಲ್ಲೇ ಆರ್ಕ್ನಿಯ ಕರ್ಕ್‌ವಾಲ್‌ನಲ್ಲಿ ತೀರಿಕೊಂಡ. ಮೂರು ವರ್ಷಗಳ ಬಳಿಕ, 1266ರ ಪರ್ತ್ ಒಪ್ಪಂದದ ಪ್ರಕಾರ, ಹೆಬ್ರಿಡೀಸ್ ಮತ್ತು ಮ್ಯಾನ್ ದ್ವೀಪ ಸ್ಕಾಟ್ಲೆಂಡಿಗೆ ಸೇರಿದವು. ಬದಲಿಗೆ ಸ್ಕಾಟ್ಲೆಂಡ್ 4,000 ಮಾರ್ಕ್‌ಗಳನ್ನೂ, ಅದರ ಮೇಲೆ ಪ್ರತಿವರ್ಷ 100 ಮಾರ್ಕ್‌ಗಳನ್ನೂ ಕೊಡಬೇಕಿತ್ತು. ಆ ವಾರ್ಷಿಕ ಕಪ್ಪವೇ ಕಾಲಕ್ರಮೇಣ ಬಾಕಿ ಬಿದ್ದು, ಬೆಳೆದು, ಎರಡು ರಾಜಮನೆತನಗಳ ನಡುವಿನ ತಕರಾರಾಯಿತು. ತಕರಾರನ್ನು ಬಗೆಹರಿಸಲು ಆರಿಸಿಕೊಂಡ ದಾರಿ ಮದುವೆ.

ಡೆನ್ಮಾರ್ಕ್ ಮತ್ತು ನಾರ್ವೆ ಎರಡಕ್ಕೂ ರಾಜನಾಗಿದ್ದ ಮೊದಲನೆಯ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟಳನ್ನು ಸ್ಕಾಟ್ಲೆಂಡಿನ ಮೂರನೆಯ ಜೇಮ್ಸ್‌ಗೆ ಕೊಡಲು ಒಪ್ಪಿದ. ಹಳೆಯ ಬಾಕಿ ಮನ್ನಾ ಆಯಿತು. ವರದಕ್ಷಿಣೆ 60,000 ರೈನ್ ಫ್ಲೋರಿನ್ ಎಂಬ ಚಿನ್ನದ ನಾಣ್ಯಗಳೆಂದು ನಿಗದಿಯಾಯಿತು. ಅದರಲ್ಲಿ 10,000ವನ್ನು ಕೈಯಲ್ಲಿ ಕೊಡುವುದು, ಉಳಿದ 50,000ಕ್ಕೆ ಆರ್ಕ್ನಿಯನ್ನು ಅಡವಿಡುವುದು ಎಂದು 1468ರ ಸೆಪ್ಟೆಂಬರ್ 8ರಂದು ಪತ್ರವಾಯಿತು. ಕೈಯಲ್ಲಿ ಕೊಡಬೇಕಾದ ಹಣವನ್ನಾದರೂ ಹೊಂದಿಸಿದನೆ ಎಂದರೆ ಅದೂ ಇಲ್ಲ. 2,000ಕ್ಕೆ ಅವನ ಬೊಕ್ಕಸ ಬರಿದಾಗಿತ್ತು. ಮಿಕ್ಕ 8,000ಕ್ಕೆ 1469ರ ಮೇ 28ರಂದು ಶೆಟ್ಲೆಂಡೂ ಅಡವಿಗೆ ಹೋಯಿತು. ಅದೇ ವರ್ಷದ ಬೇಸಿಗೆಯಲ್ಲಿ ಎಡಿನ್‌ಬರೊದಲ್ಲಿ ಮದುವೆ ನಡೆದಾಗ ಹುಡುಗಿಗೆ ಹದಿಮೂರರ ಆಸುಪಾಸು.

ಕನ್ನಡ ಓದುಗರಿಗೆ ಈ ಏರ್ಪಾಟನ್ನು ವಿವರಿಸಲು ನನಗೆ ‘ಭೋಗ್ಯ’ಕ್ಕಿಂತ ಸರಿಯಾದ ಪದ ಸಿಕ್ಕಿಲ್ಲ. ಹೊಲವನ್ನು ಭೋಗ್ಯಕ್ಕೆ ಹಾಕಿಸಿಕೊಂಡವನು ಬಡ್ಡಿಯ ಬದಲಿಗೆ ಅದರ ಬೆಳೆಯನ್ನು ಉಣ್ಣುತ್ತಾನೆ, ಅಸಲು ಕೈಸೇರಿದ ದಿನ ಹೊಲ ಬಿಟ್ಟುಕೊಡುತ್ತಾನೆ. ಸ್ಕಾಟ್ಲೆಂಡಿನ ರಾಜನೂ ಹಾಗೆಯೇ, ಬರಬೇಕಾದ ಹಣ ಬರುವ ತನಕ, ದ್ವೀಪಗಳಲ್ಲಿ ನಾರ್ವೆಯ ರಾಜನಿಗೆ ಸೇರಿದ ಭೂಮಿಯ ಮತ್ತು ಹಕ್ಕುಗಳ ಆದಾಯವನ್ನು ಅನುಭವಿಸಬೇಕಿತ್ತು. ಆದರೆ ಭೋಗ್ಯಕ್ಕೆ ಕೊಟ್ಟವರಿಗೆಲ್ಲ ತಿಳಿದಿರುವ ಒಂದು ಭಯವಿದೆ: ಒಳಗೆ ಬಂದವನು ಬೇಲಿ ಹಾಕಿ, ಬಾವಿ ತೋಡಿ, ಪಹಣಿಯಲ್ಲಿ ಹೆಸರು ಕೂರಿಸಿಕೊಂಡರೆ ಏನು ಗತಿ? ಜೇಮ್ಸ್ ಮಾಡಿದ್ದು ಅದನ್ನೇ. 1470ರಲ್ಲಿ ಆರ್ಕ್ನಿಯ ಅರ್ಲ್, ಅಂದರೆ ಅಲ್ಲಿನ ಸಾಮಂತ, ವಿಲಿಯಂ ಸಿಂಕ್ಲೇರ್‌ಗೆ ರೇವನ್ಸ್‌ಕ್ರೇಗ್ ಕೋಟೆಯನ್ನು ಕೊಟ್ಟು ಅವನ ಹಕ್ಕುಗಳನ್ನೆಲ್ಲ ಬರೆಸಿಕೊಂಡ. 1472ರಲ್ಲಿ ಸ್ಕಾಟಿಷ್ ಸಂಸತ್ತು ಆರ್ಕ್ನಿ ಮತ್ತು ಶೆಟ್ಲೆಂಡನ್ನು ಸಿಂಹಾಸನಕ್ಕೆ ಸೇರಿಸಿ ಕಾಯ್ದೆ ಮಾಡಿತು. ಅದೇ ವರ್ಷ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣ ಆರ್ಚ್‌ಬಿಷಪ್ ಪೀಠವಾದಾಗ, ಅಲ್ಲಿಯವರೆಗೆ ನಾರ್ವೆಯ ನಿದರೋಸ್ ಆರ್ಚ್‌ಬಿಷಪ್ ಪೀಠಕ್ಕೆ ಅಧೀನವಾಗಿದ್ದ ಆರ್ಕ್ನಿಯ ಬಿಷಪ್ಪನೂ ಅದರ ಕೆಳಗೆ ಬಂದ. ನಾಲ್ಕು ವರ್ಷಗಳಲ್ಲಿ ಅಡವು ಆಸ್ತಿಯಾಗಿತ್ತು.

ಮುಂದಿನ ಎರಡು ಶತಮಾನಗಳಲ್ಲಿ ಡೆನ್ಮಾರ್ಕ್ ಹಲವು ಸಲ ಬಿಡಿಸಿಕೊಳ್ಳುವ ಪ್ರಸ್ತಾಪ ಮಾಡಿತು. ಪ್ರತಿಸಲವೂ ಸ್ಕಾಟ್ಲೆಂಡ್ ಬೇರೆ ಮಾತು ತೆಗೆಯಿತು. ಈಗ ಪ್ರಶ್ನೆ ಕೇಳುವವರು ನನಗೆ ಒಂದು ಉತ್ತರ ಕೊಡಲಿ: ಹಣ ಕಟ್ಟಬೇಕಾದವರು ಯಾರು? ಕ್ರಿಶ್ಚಿಯನ್ ಅಡವಿಟ್ಟದ್ದು ನಾರ್ವೆಯ ರಾಜನಾಗಿ, ಆದರೆ ಅರಮನೆ ಇದ್ದದ್ದು ಕೋಪನ್‌ಹೇಗನ್‌ನಲ್ಲಿ. 1814ರಲ್ಲಿ ನಾರ್ವೆ ಡೆನ್ಮಾರ್ಕಿನಿಂದ ಬೇರೆಯಾಯಿತು. ಐಸ್‌ಲ್ಯಾಂಡ್, ಫೆರೋ ಮತ್ತು ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನಲ್ಲೇ ಉಳಿದವು. ವಾರಸುದಾರ ಯಾರೆಂದೇ ಗೊತ್ತಿಲ್ಲದ ಅಡವಿಗೆ, ಐದೂವರೆ ಶತಮಾನದ ಆಳ್ವಿಕೆಯನ್ನು ಬದಿಗಿಟ್ಟು, ಯಾವ ನ್ಯಾಯಾಲಯ ರಸೀದಿ ಬರೆಯುತ್ತದೆ? ಇಂದಿನ ರೂಪಾಯಿ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ಕೇಳಿದವರಿಗೆ: ನಾನು ಚಿನಿವಾರನಲ್ಲ.

2023ರ ಜುಲೈನಲ್ಲಿ ‘ಆರ್ಕ್ನಿ ನಾರ್ವೆ ಸೇರಲಿದೆ’ ಎಂಬ ಸುದ್ದಿ ಓಡಾಡಿತಲ್ಲ, ಅಂದು ನಡೆದದ್ದು ಇಷ್ಟು: ಪರ್ಯಾಯ ಆಡಳಿತ ವ್ಯವಸ್ಥೆಗಳನ್ನು, ನಾರ್ಡಿಕ್ ಸಂಬಂಧಗಳನ್ನೂ ಸೇರಿಸಿ, ಪರಿಶೀಲಿಸಬೇಕೆಂಬ ಗೊತ್ತುವಳಿಯನ್ನು ದ್ವೀಪದ ಕೌನ್ಸಿಲ್ 15–6 ಮತಗಳಿಂದ ಒಪ್ಪಿತು. ಅದರ ಹಿಂದಿದ್ದದ್ದು ಅನುದಾನ ಸಾಲದು, ಹಡಗುಗಳು ಹಳೆಯವು ಎಂಬ ಅಸಮಾಧಾನ. ಸೇರ್ಪಡೆಯ ನಿರ್ಣಯ ಯಾವುದೂ ಆಗಲಿಲ್ಲ.

ಅಡವಿನ ಪತ್ರಕ್ಕಿಂತ ಹೆಚ್ಚು ಕಾಲ ಬದುಕಿದ್ದು ನಾರ್ಸ್ ಕಾನೂನು, ಅಂದರೆ ಹಳೆಯ ಸ್ಕ್ಯಾಂಡಿನೇವಿಯದ ಜನರ ಕಾನೂನು. 1611ರಲ್ಲಿ ‘ವಿದೇಶಿ ಕಾನೂನು’ಗಳನ್ನು ರದ್ದುಪಡಿಸಿದರೂ, ‘ಉಡಲ್’ ಎಂಬ ಭೂಹಕ್ಕಿನ ತುಣುಕುಗಳು ಉಳಿದುಕೊಂಡವು. ಆ ಹಕ್ಕಿನ ಜಮೀನಿನ ಎಲ್ಲೆ ಸಮುದ್ರ ಅತಿ ಕೆಳಗಿಳಿದಾಗ ಕಾಣುವ ಅಂಚಿನವರೆಗೂ ಹೋಗುತ್ತದೆ. ಸ್ಕಾಟ್ಲೆಂಡಿನ ಉಳಿದೆಡೆ ಹಾಗಿಲ್ಲ. 1958ರಲ್ಲಿ ಶೆಟ್ಲೆಂಡಿನ ಸೇಂಟ್ ನಿನಿಯನ್ಸ್ ದ್ವೀಪದ ಹಳೆಯ ಚರ್ಚಿನ ನೆಲದಡಿ, ಅಗೆತಕ್ಕೆ ನೆರವಾಗಲು ಬಂದಿದ್ದ ಶಾಲಾ ಹುಡುಗನೊಬ್ಬನಿಗೆ 28 ಬೆಳ್ಳಿಯ ವಸ್ತುಗಳು ಸಿಕ್ಕಾಗ, ಇದು ಉಡಲ್ ಭೂಮಿ, ಇಲ್ಲಿನ ನಿಧಿ ರಾಜಸತ್ತೆಗೆ ಸೇರುವುದಿಲ್ಲ ಎಂಬ ವಾದ ಎಡಿನ್‌ಬರೊದ ನ್ಯಾಯಾಲಯದವರೆಗೆ ಹೋಯಿತು. 1963ರಲ್ಲಿ ವಾದ ಸೋತಿತು, ಬೆಳ್ಳಿ ಎಡಿನ್‌ಬರೊದ ವಸ್ತುಸಂಗ್ರಹಾಲಯ ಸೇರಿತು, ಶೆಟ್ಲೆಂಡಿನಲ್ಲಿ ಪ್ರತಿಕೃತಿಗಳಿವೆ.

ಪ್ರಶ್ನೆ: ಎಂಜಲಿನ ಪರೀಕ್ಷೆಯಿಂದ ಒಬ್ಬರು ಎಷ್ಟು ಶೇಕಡಾ ವೈಕಿಂಗ್ ಎಂದು ಹೇಳುತ್ತಾರಂತೆ. ನಂಬಬಹುದೆ?

ಉತ್ತರ: ನಂಬಬೇಡಿ. ವೈಕಿಂಗ್ ಎಂಬುದು ಜಾತಿಯಲ್ಲ, ಕಸುಬು. ಕಸುಬು ಎಂಜಲಿನಲ್ಲಿ ಇಳಿದು ಬರುವುದಿಲ್ಲ. ಆ ಡಬ್ಬಿಗಳನ್ನು ಮಾರುವವರು ಇಂದಿನ ಜನರ ಮಾದರಿಗಳೊಂದಿಗೆ ನಿಮ್ಮದನ್ನು ಹೋಲಿಸಿ, ಫಲಿತಾಂಶಕ್ಕೆ ಹಡಗಿನ ಚಿತ್ರ ಅಂಟಿಸಿ ಕಳಿಸುತ್ತಾರೆ. ನಿಜವಾದ ವಂಶವಾಹಿ ಅಧ್ಯಯನಗಳು ತಿಳಿಸಿರುವ ಸಂಗತಿ ಬೇರೆಯೇ: ಆರ್ಕ್ನಿ, ಶೆಟ್ಲೆಂಡ್‌ಗಳಲ್ಲಿ ಸ್ಕ್ಯಾಂಡಿನೇವಿಯದ ಗುರುತು ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಕಾಣುತ್ತದೆ, ಅಂದರೆ ಬಂದವರು ಸಂಸಾರ ಸಮೇತ ಬಂದರು, ಪಶ್ಚಿಮದ ದ್ವೀಪಗಳಲ್ಲಿ ಅದು ಹೆಚ್ಚಾಗಿ ಗಂಡಸರ ಕಡೆಯಿಂದಲೇ ಬಂದಿದೆ.

ಪ್ರಶ್ನೆ: ಶೆಟ್ಲೆಂಡಿನಲ್ಲಿ ಹಡಗು ಸುಡುವ ‘ಅಪ್ ಹೆಲಿ ಆ’ ಹಬ್ಬ ಸಾವಿರ ವರ್ಷ ಹಳೆಯದೆ? ಕೊಂಬಿನ ಶಿರಸ್ತ್ರಾಣ?

ಉತ್ತರ: ಅಲ್ಲ. ಜನವರಿಯ ಕೊನೆಯ ಮಂಗಳವಾರ ಲರ್ವಿಕ್‌ನಲ್ಲಿ ನಡೆಯುವ ಈ ಹಬ್ಬದ ವೈಕಿಂಗ್ ವೇಷ ವಿಕ್ಟೋರಿಯಾ ಕಾಲದ ಊರಿನವರ ಸೃಷ್ಟಿ. ಅದಕ್ಕೂ ಮೊದಲು ಅಲ್ಲಿನ ಹುಡುಗರು ಉರಿಯುವ ಡಾಂಬರು ಪೀಪಾಯಿಗಳನ್ನು ಬೀದಿಯಲ್ಲಿ ಎಳೆಯುತ್ತಿದ್ದರು. ‘ಗೈಸರ್ ಯಾರ್ಲ್’ ಎಂಬ ಮುಖ್ಯ ವೇಷಧಾರಿ ಬಂದದ್ದು 1906ರಲ್ಲಿ. ಕೊಂಬಿನ ಶಿರಸ್ತ್ರಾಣ 1876ರ ಜರ್ಮನ್ ಒಪೆರಾ ರಂಗಸಜ್ಜಿಕೆಯದು, ಆ ಬಗ್ಗೆ ಇನ್ನು ಬರೆಯಬೇಡಿ.

ಪ್ರಶ್ನೆ: ಅಲ್ಲಿಯವರು ಈಗಲೂ ನಾರ್ವೆಯ ಭಾಷೆ ಆಡುತ್ತಾರೆಯೆ? ಗೇಲಿಕ್?

ಉತ್ತರ: ಆರ್ಕ್ನಿ, ಶೆಟ್ಲೆಂಡ್‌ಗಳಲ್ಲಿ ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್ ಎಂದೂ ಜನರ ಮಾತಾಗಿರಲಿಲ್ಲ. ಅಲ್ಲಿದ್ದದ್ದು ನಾರ್ಸ್‌ನ ಮಗಳಾದ ನಾರ್ನ್. 1774ರಲ್ಲಿ ಜಾರ್ಜ್ ಲೋ ಎಂಬ ಪಾದ್ರಿ ಫೂಲಾ ದ್ವೀಪದ ಮುದುಕನೊಬ್ಬನ ಬಾಯಿಂದ ಒಂದು ಕಥನಗೀತೆಯನ್ನು, ಅರ್ಥ ತಿಳಿಯದೆಯೇ ಕಿವಿಗೆ ಬಿದ್ದಂತೆ ಬರೆದುಕೊಂಡ. ನಾರ್ನ್‌ನಿಂದ ನಮಗೆ ಉಳಿದಿರುವ ದೀರ್ಘ ಪಠ್ಯ ಅದೊಂದೇ. 1893ರಲ್ಲಿ ಬಂದ ಫೆರೋ ದ್ವೀಪದ ಭಾಷಾತಜ್ಞ ಯಾಕೊಬ್ ಯಾಕೊಬ್ಸನ್ ಶೆಟ್ಲೆಂಡಿನ ಮಾತಿನಲ್ಲಿ ಉಳಿದಿದ್ದ ಸುಮಾರು 10,000 ನಾರ್ನ್ ಪದಗಳನ್ನು ಸಂಗ್ರಹಿಸಿದ. ಅವುಗಳಲ್ಲಿ ನನಗೆ ಪ್ರಿಯವಾದವು ಬೆಸ್ತರ ಪದಗಳು. ದೋಣಿಯಲ್ಲಿ ಕುಳಿತ ಮೇಲೆ ಚರ್ಚು, ಪಾದ್ರಿ, ಬೆಕ್ಕು ಎಂಬ ಮಾತುಗಳನ್ನು ಆಡುವಂತಿರಲಿಲ್ಲ. ಚರ್ಚಿಗೆ ‘ಬೆನಿಹೂಸ್’, ಅಂದರೆ ಪ್ರಾರ್ಥನೆಯ ಮನೆ, ಎನ್ನಬೇಕಿತ್ತು. ದಡದಲ್ಲಿ ಸತ್ತ ಭಾಷೆ ಕಡಲಿನ ಮೇಲೆ ನಿಷೇಧದ ನೆರಳಲ್ಲಿ ಉಸಿರಾಡುತ್ತಿತ್ತು. ಆ ದೋಣಿಗಳೂ ಬಹುಕಾಲ ನಾರ್ವೆಯಿಂದಲೇ ಬಂದವು, ಮರಗಳಿಲ್ಲದ ದ್ವೀಪಕ್ಕೆ ಬಿಡಿ ಹಲಗೆಗಳಾಗಿ.

ಪ್ರಶ್ನೆ: ಕೆಲವು ನಾರ್ಸ್ ಊರಹೆಸರುಗಳಿಗೆ ಸಂಸ್ಕೃತ ಮೂಲವಿದೆ ಎಂದು ನಾನು ಸಾಬೀತುಪಡಿಸಿದ್ದೇನೆ. ಅಭಿಪ್ರಾಯ ತಿಳಿಸಿ.

ಉತ್ತರ: ತಿಳಿಸದಿರುವುದೇ ಅಭಿಪ್ರಾಯ.

ಪ್ರಶ್ನೆ: ಅಬರ್ಡೀನ್‌ನಲ್ಲಿ ತೈಲ ಕಂಪನಿಯೊಂದರ ಕೆಲಸದಲ್ಲಿದ್ದೇನೆ. ಎರಡು ದಿನ ರಜೆಯಿದೆ. ಒಂದೇ ಜಾಗ ನೋಡುವುದಾದರೆ ಯಾವುದು?

ಉತ್ತರ: ಶೆಟ್ಲೆಂಡಿನ ಯಾರ್ಲ್‌ಸ್‌ಹಾಫ್ ಎಂದು ಎಲ್ಲರೂ ಹೇಳುತ್ತಾರೆ, ಅವಶೇಷಗಳು ಅಪೂರ್ವವೇ, ಆದರೆ ಆ ಹೆಸರು ವಾಲ್ಟರ್ ಸ್ಕಾಟ್ ತನ್ನ ಕಾದಂಬರಿಗಾಗಿ ಕಟ್ಟಿದ್ದು, ಯಾವ ಯಾರ್ಲನೂ, ಅಂದರೆ ನಾರ್ಸ್ ಸಾಮಂತನೂ, ಇಟ್ಟದ್ದಲ್ಲ. ನೀವು ಸಂಜೆಯ ಹಡಗಿನಲ್ಲಿ ಆರ್ಕ್ನಿಗೆ ಹೋಗಿ, ಚಳಿಗಾಲವಾದರೆ ಹಡಗು ರದ್ದಾಗುವ ಸಾಧ್ಯತೆಗೆ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ, ಮೇಸ್‌ಹೋಗೆ ಮುಂಗಡ ಟಿಕೆಟ್ ಇಲ್ಲದೆ ಹೊರಡಬೇಡಿ. ಅದು ಸುಮಾರು ಐದು ಸಾವಿರ ವರ್ಷದ ಕಲ್ಲಿನ ಸಮಾಧಿ. ಸೊಂಟ ಬಗ್ಗಿಸಿಕೊಂಡು ಉದ್ದನೆಯ ಕಿರುದಾರಿಯಲ್ಲಿ ಸಾಗಿ ಒಳಗೆ ನಿಲ್ಲಬೇಕು. ಹನ್ನೆರಡನೆಯ ಶತಮಾನದಲ್ಲಿ ನಾರ್ಸ್ ಜನ ಅದನ್ನು ಒಡೆದು ನುಗ್ಗಿ, ಗೋಡೆಗಳ ಮೇಲೆ ರೂನ್ ಎಂಬ ತಮ್ಮ ಹಳೆಯ ಲಿಪಿಯಲ್ಲಿ ಮೂವತ್ತರಷ್ಟು ಬರಹಗಳನ್ನು ಗೀಚಿದರು. ಇಂಗಿಗೆರ್ತ್ ಎಲ್ಲ ಹೆಂಗಸರಿಗಿಂತ ಚೆಲುವೆ ಎಂದು ಒಬ್ಬ ಬರೆದಿದ್ದಾನೆ, ಪಕ್ಕದಲ್ಲೇ ಜೊಲ್ಲು ಸುರಿಸುವ ನಾಯಿಯ ಚಿತ್ರವಿದೆ. ಇನ್ನೊಬ್ಬ, ಕೋಲ್‌ಬೈನ್‌ನ ಮಗ ಥೋಲ್ಫಿರ್, ಈ ರೂನ್‌ಗಳನ್ನು ತಾನು ಎತ್ತರದಲ್ಲಿ ಕೆತ್ತಿದೆನೆಂದು ದಾಖಲಿಸಿದ್ದಾನೆ. ಮಾರ್ಗದರ್ಶಿ ಟಾರ್ಚನ್ನು ಅದರತ್ತ ತಿರುಗಿಸಿದಾಗ ಕತ್ತೆತ್ತಿ ನೋಡಿ, ನಿಜವಾಗಿಯೂ ಎತ್ತರದಲ್ಲಿದೆ.