ಬೆಳಗಿನ ಜಾವ ಗ್ಯಾಸ್ ಬ್ರೂಡರ್ ತಾನಾಗೇ ಆರುತ್ತಿದ್ದರೆ ಮೊದಲು ಏನು ನೋಡಬೇಕು?

ದಯವಿಟ್ಟು ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಆ ಸೇಫ್ಟಿ ವಾಲ್ವ್ ತೆಗೆಸಬೇಡಿ ಅಣ್ಣಾ. ಗೌರಿಬಿದನೂರಿನ ನಿಮ್ಮ ಕೋಳಿ ಶೆಡ್ಡಿನಲ್ಲಿ ಮರಿಗಳಿಗೆ ಬಿಸಿ ಕೊಡುವ ಬ್ರೂಡರ್ ಸಂಜೆ ಚೆನ್ನಾಗಿ ಉರಿದು ನಸುಕಿನಲ್ಲಿ ಆರುತ್ತಿದೆ, ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸಾಯ್ತಿವೆ, ರಿಪೇರಿಯವರು ವಾಲ್ವ್ ತೆಗೆದು ನೇರವಾಗಿ ಪೈಪ್ ಕೊಡ್ತೀನಿ ಅಂದಿದ್ದಾರೆ ಅಂತ ಬರೆದಿದ್ದೀರಿ. ವಾಲ್ವ್ ಇಲ್ಲದಿದ್ದರೆ ಉರಿ ಆರಿದ ಮೇಲೂ ಗ್ಯಾಸ್ ಬರ್ತಾನೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ಕೆಳಗೆ ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಮರಿಗಳ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ನೀವು ಬಂದು ಲೈಟಿನ ಸ್ವಿಚ್ ಒತ್ತಿದರೂ ಸಾಕು, ಹತ್ತಿಕೊಳ್ಳಬಹುದು.

ನಾನೂ ಚಿಂತಾಮಣಿ ಕಡೆ ಕೋಳಿ ಸಾಕುವವನೇ. ಸಂಜೆ ಸರಿಯಾಗಿದ್ದು ಬೆಳಗಿನ ಜಾವ ಮಾತ್ರ ಆರುತ್ತೆ ಅಂದ್ರೆ ನನ್ನ ಅನುಮಾನ ಮೊದಲು ಸಿಲಿಂಡರ್ ಮೇಲೆ. ಅದರೊಳಗೆ ಇರುವುದು ದ್ರವ, ಅದು ಆವಿಯಾದರೇನೇ ಬರ್ನರ್‌ಗೆ ಗ್ಯಾಸ್ ಸಿಗೋದು, ಆವಿಯಾಗಲು ಬೇಕಾದ ಬಿಸಿಯನ್ನು ಅದು ಸಿಲಿಂಡರಿನ ಮೈಯಿಂದ ಮತ್ತು ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ರಾತ್ರಿಯೆಲ್ಲ ಒಂದೇ ಸಮ ಉರಿದರೆ ಸಿಲಿಂಡರ್ ತಣ್ಣಗಾಗುತ್ತಾ ಹೋಗುತ್ತದೆ, ಹೊರಗೂ ಚಳಿ, ಒತ್ತಡ ಬಿದ್ದುಹೋಗುತ್ತದೆ. ಇನ್ನೊಂದು ವಿಷಯ ಇದೆ. ನಮ್ಮ ಎಲ್‌ಪಿಜಿಯಲ್ಲಿ ಪ್ರೊಪೇನ್ ಜೊತೆ ಬ್ಯುಟೇನ್ ಕೂಡ ಸೇರಿರುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಪ್ರೊಪೇನ್ ಬೇಗ ಖಾಲಿಯಾಗುತ್ತಾ, ತಳದಲ್ಲಿ ಉಳಿಯುವುದು ಜಾಸ್ತಿ ಬ್ಯುಟೇನೇ. ಸಿಲಿಂಡರ್ ಕೊನೆಗೆ ಬಂದಾಗ ಈ ತೊಂದರೆ ಹೆಚ್ಚಾಗುವುದು ಅದಕ್ಕೇ.

ಉರಿ ಆರಿದ ತಕ್ಷಣ ಟಾರ್ಚ್ ಹಿಡಿದು ಸಿಲಿಂಡರ್ ಮುಟ್ಟಿ ನೋಡಿ. ಕೆಳಭಾಗ ಕೊರೆಯುವಷ್ಟು ತಣ್ಣಗಿದ್ದು ನೀರು ಹನಿಕಟ್ಟಿದ್ದರೆ ಇದೇ ಕಾರಣ. ಆಮೇಲೆ ತೂಕ ಹಾಕಿ, ಬರೀ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದನ್ನು ಕಳೆದರೆ ಗ್ಯಾಸ್ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. 19 ಕೆಜಿಯ ಎರಡು ಸಿಲಿಂಡರ್‌ಗಳನ್ನು ಒಂದೇ ಲೈನಿಗೆ ಜೋಡಿಸಿಕೊಡಿ ಅಂತ ನಿಮ್ಮ ಏಜೆನ್ಸಿಯವರನ್ನು ಕೇಳಿ. ಆಗ ಒಂದೊಂದರ ಮೇಲೆ ಅರ್ಧ ಭಾರ ಬೀಳುತ್ತದೆ, ಅಷ್ಟು ಬೇಗ ತಣ್ಣಗಾಗುವುದಿಲ್ಲ. ಸಿಲಿಂಡರನ್ನು ಮಲಗಿಸುವುದು, ಬಿಸಿನೀರು ಸುರಿಯುವುದು, ಹತ್ತಿರ ಕೆಂಡ ಇಡುವುದು, ಇವು ಯಾವುದನ್ನೂ ಮಾಡಬೇಡಿ.

ಸಿಲಿಂಡರ್ ಸರಿಯಾಗಿದ್ದರೆ ಥರ್ಮೋಕಪಲ್ ನೋಡಿ. ಉರಿಯ ಪಕ್ಕದಲ್ಲಿ ತಾಮ್ರದ ತೆಳು ಕೊಳವೆಯ ತುದಿಗೆ ಒಂದು ಕಡ್ಡಿ ಇರುತ್ತದಲ್ಲ, ಅದೇ. ಅದು ಬಿಸಿಯಾದಾಗ ಸ್ವಲ್ಪವೇ ಸ್ವಲ್ಪ ಕರೆಂಟ್ ಹುಟ್ಟುತ್ತದೆ, ಆ ಕರೆಂಟೇ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಹೊತ್ತಿಸಿದ ಮೇಲೆ ನಾಬ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಬಿಟ್ಟ ಕೂಡಲೇ ಆರಿದರೆ ಕಡ್ಡಿಗೆ ಮಸಿ ಹಿಡಿದಿರಬಹುದು, ಉರಿಗೆ ತಾಗದೆ ಪಕ್ಕಕ್ಕೆ ಸರಿದಿರಬಹುದು, ಇಲ್ಲಾಂದ್ರೆ ಹಿಂದಿನ ನಟ್ ಸಡಿಲವಾಗಿರುತ್ತದೆ. ಗ್ಯಾಸ್ ಬಂದ್ ಮಾಡಿ, ತಣ್ಣಗಾದ ಮೇಲೆ ನಯವಾದ ಉಪ್ಪುಕಾಗದದಲ್ಲಿ ತುದಿಯನ್ನು ಮೆಲ್ಲಗೆ ಉಜ್ಜಿ. ಆದರೂ ಆಗದಿದ್ದರೆ ಹೊಸದು ಹಾಕಿಸಿ. ವಾಲ್ವ್ ಕೆಟ್ಟಿದೆ ಅಂತ ಹೇಳುವ ಎಷ್ಟೋ ಕಡೆ ಕೆಟ್ಟಿರುವುದು ಈ ಕಡ್ಡಿ ಮಾತ್ರ.

ಉರಿ ಹಳದಿಯಾಗಿ ತೂಗಾಡುತ್ತಿದ್ದರೆ ಬರ್ನರ್‌ನಲ್ಲಿ ಹೊಟ್ಟಿನ ಧೂಳು, ಪುಕ್ಕ, ಕೆಲವೊಮ್ಮೆ ಜೇಡರ ಬಲೆ ಇರುತ್ತದೆ. ಗಾಳಿ ಹೊಡೆದು ತೆಗೆಯಿರಿ. ಬರ್ನರ್‌ಗೆ ಗ್ಯಾಸ್ ಬಿಡುವ ಜೆಟ್‌ನ ಸಣ್ಣ ತೂತಿಗೆ ಪಿನ್ನು ಹಾಕಬೇಡಿ, ತೂತು ದೊಡ್ಡದಾದರೆ ಉರಿ ಆಮೇಲೆ ಸರಿಯಾಗಲ್ಲ.

ಚಳಿ ಅಂತ ಪರದೆಗಳನ್ನು ಪೂರ್ತಿ ಇಳಿಸಿ ಕಟ್ಟುತ್ತೀರಾ? ಅದನ್ನು ನೀವು ಬರೆದಿಲ್ಲ, ಆದ್ರೆ ನಮ್ಮ ಕಡೆ ತುಂಬಾ ಜನ ಹಾಗೇ ಮಾಡುತ್ತಾರೆ. ಗಾಳಿ ಸಾಲದಿದ್ದರೆ ಉರಿ ಮಂಕಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮರಿ ಕಾಯೋಕೆ ಅಂತ ಮನೆಯ ಹುಡುಗರು ಶೆಡ್ಡಿನಲ್ಲೇ ಮಲಗುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕಾಯಬೇಕಾದರೆ ಹೊರಗೆ ಮಲಗಿ, ಆಗಾಗ ಎದ್ದು ಬಂದು ನೋಡಲಿ. ಪರದೆಯ ಮೇಲ್ಭಾಗದಲ್ಲಿ ಅರ್ಧ ಅಡಿಯಾದರೂ ಸಂದು ಬಿಡಿ. ಮರಿಗಳಿಗೆ ಗಾಳಿ ನೇರ ಬಡಿಯದಿದ್ದರೆ ಸಾಕು.

ಇವತ್ತಿನ ರಾತ್ರಿಗೆ ಚಿಕ್ ಗಾರ್ಡ್ (ಮರಿಗಳ ಸುತ್ತ ಕಟ್ಟುವ ತಡೆ) ಚಿಕ್ಕದು ಮಾಡಿ, ಮೂಲೆ ಇಲ್ಲದ ಹಾಗೆ ದುಂಡಗೆ ಇಡಿ, ಮರಿಗೆ ಎರಡು ವ್ಯಾಟ್ ಲೆಕ್ಕದಲ್ಲಿ ಹಳೇ ಥರದ ಬಲ್ಬ್ ಕಟ್ಟಿ. ಎಲ್ಇಡಿ ಬಿಸಿ ಕೊಡಲ್ಲ. ಎಲ್ಲಾ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದರೆ ಅಥವಾ ವಾಸನೆ ಬಂದರೆ ಸಿಲಿಂಡರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.