ತೋಳ ಜೇಡಗಳು ಬಲೆಯಿಲ್ಲದೆ ಬೇಟೆಯಾಡುವುದು ಹೇಗೆ?

ಲೈಕೋಸಿಡೆ ಕುಟುಂಬದ ಈ ಜೇಡಗಳಲ್ಲಿ 2,400ಕ್ಕೂ ಹೆಚ್ಚು ಪ್ರಭೇದಗಳಿದ್ದು, ಹೆಚ್ಚಿನವು ನೆಲದ ಮೇಲೆ ಓಡಾಡುತ್ತ, ಕಾಲಿನ ಕೂದಲುಗಳಿಂದ ಕಂಪನವನ್ನೂ ಮೂರು ಸಾಲಿನ ಎಂಟು ಕಣ್ಣುಗಳಿಂದ ಚಲನೆಯನ್ನೂ ಗ್ರಹಿಸಿ ಬೇಟೆಯ ಮೇಲೆ ಎರಗುತ್ತವೆ. ದೊಡ್ಡ ಕಣ್ಣುಗಳೊಳಗೆ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ, ರಾತ್ರಿ ಟಾರ್ಚ್ ಬಿಟ್ಟರೆ ಅವು ಹೊಳೆಯುತ್ತವೆ. ಆದರೆ ನಮ್ಮ ಹುಲ್ಲುಗಾವಲುಗಳಲ್ಲಿ ಕಾಣಸಿಗುವ ಹಿಪ್ಪಾಸಾ ಕುಲದವು ಆಲಿಕೆಯಾಕಾರದ ಬಲೆ ಹೆಣೆಯುತ್ತವೆ.

ತಾಯಿ ಜೇಡ ಮೊಟ್ಟೆಚೀಲವನ್ನು ನೂಲುವ ಅಂಗಗಳಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಕೆಲವು ದಿನ ಅದರ ಬೆನ್ನೇರಿ ಸಾಗುತ್ತವೆ. ಜೇಡಗಳಲ್ಲಿ ಇಂಥ ತಾಯ್ತನ ನಿಜಕ್ಕೂ ಬೆರಗಿನದು.

ಐನೂರಕ್ಕೂ ಹೆಚ್ಚು ಪ್ರಭೇದಗಳಿರುವ ಪಾರ್ಡೋಸಾ ಕುಲದ ಸೂಡೋಆನ್ಯುಲೇಟಾ ಎಂಬ ತೋಳ ಜೇಡ, ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವನ್ನು ತಿಂದು ಬೆಳೆಯನ್ನು ಕಾಯುತ್ತದೆ. ಆದ್ದರಿಂದ ಕಂಡ ಕಂಡ ಕೀಟನಾಶಕ ಸಿಂಪಡಿಸಿ ಇದನ್ನೂ ಕೊಲ್ಲುವುದು ರೈತರಿಗೇ ನಷ್ಟ.